ಎಳೆದವರಿಗೆ ಹೆಸರು, ಎತ್ತಿದವರಿಗೆ?

ಲೋಡ್ ಲಾರಿ ಹೂತುಕೊಂಡರೆ ಜೆಸಿಬಿ ತರಿಸಿ ಎಳೆಸಬೇಕು, ಬೇರೆ ದಾರಿಯಿಲ್ಲ ಎಂಬ ನಂಬಿಕೆ ಕೋಲಾರದ ಕಡೆ ಈಗ ಬೇರೂರಿಬಿಟ್ಟಿದೆ. ಹಿಂದಿನ ಚಕ್ರ ರೊಜ್ಜಿಗೆ ಇಳಿದ ಕೂಡಲೇ ಡ್ರೈವರಿನ ಕೈ ಸನಿಕೆಗೆ ಹೋಗುವುದಿಲ್ಲ, ಮೊಬೈಲಿಗೆ ಹೋಗುತ್ತದೆ. ಹಳದಿ ಯಂತ್ರ ಬರುತ್ತದೆ, ಸರಪಳಿ ಬಿಗಿಯುತ್ತಾರೆ, ಒಂದೆರಡು ಜಗ್ಗಿಗೆ ಲಾರಿ ಹೊರಗೆ ಬರುತ್ತದೆ, ನೆರೆದವರು ಯಂತ್ರವನ್ನು ಹೊಗಳುತ್ತಾರೆ. ಇದು ಯಂತ್ರಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನ ಕೀರ್ತಿ. ಜಾಕಿ, ಸ್ಲೀಪರ್ ತುಂಡು, ಕಲ್ಲಿನ ಚಕ್ಕೆ ಇವಿಷ್ಟನ್ನೇ ಇಟ್ಟುಕೊಂಡು ಹೂತ ಗಾಡಿಯನ್ನು ನಿಧಾನವಾಗಿ ನೆಲದ ಮೇಲಕ್ಕೆ ತರುವ ವಿದ್ಯೆ ಒಂದಿದೆ. ಕಲ್ಲು ಸಾಗಿಸಿಯೇ ಬದುಕಿದವರು ರೂಢಿಸಿಕೊಂಡ ಆ ವಿದ್ಯೆ ನಮ್ಮ ಕಣ್ಣೆದುರೇ ಬೆಲೆ ಕಳೆದುಕೊಳ್ಳುತ್ತಿದೆ.

ಶಿಲ್ಪಿಗಳ ಊರಾದ ಶಿವಾರಪಟ್ಟಣದ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಅಲ್ಲಿಂದ ಹೊರಡುವ ಲಾರಿಯಲ್ಲಿರುವುದು ಇಟ್ಟಿಗೆಯಲ್ಲ, ಜಲ್ಲಿಯಲ್ಲ, ಕೆತ್ತಿ ಮುಗಿಸಿದ ಮೂರ್ತಿ. ಶಂಖಚಕ್ರ ಹಿಡಿದ ಬೆರಳು, ಪ್ರಭಾವಳಿಯ ಅಂಚು, ಕಿವಿಯ ಕುಂಡಲ ಇವೆಲ್ಲ ಕಲ್ಲಿನಲ್ಲಿ ಅತಿ ತೆಳುವಾದ ಭಾಗಗಳು. ಸರಪಳಿಯ ಒಂದು ಜಗ್ಗಿಗೆ ಬೆರಳು ಮುರಿದರೆ ಮೂರ್ತಿ ಭಿನ್ನವಾಯಿತು, ಗರ್ಭಗುಡಿಗೆ ಸಲ್ಲದು. ತಿಂಗಳುಗಟ್ಟಲೆಯ ಉಳಿ ಕೆಲಸ ಅಲ್ಲಿಗೆ ಮುಗಿಯಿತು. ಆದ್ದರಿಂದ ಈ ಊರಿನಲ್ಲಿ ಲಾರಿ ಹೊರಗೆ ಬಂದರೆ ಸಾಲದು, ಹೇಗೆ ಬಂತು ಎಂದೂ ಕೇಳಬೇಕಾಗುತ್ತದೆ.

ಯಂತ್ರದ ಲೆಕ್ಕವನ್ನೇ ಮೊದಲು ನೋಡೋಣ. ಸೇನೆಗಳ ರಿಕವರಿ ಕೈಪಿಡಿಗಳಲ್ಲಿ ಒಂದು ಸರಳ ಅಂದಾಜಿದೆ: ಚಕ್ರದ ಮಟ್ಟಕ್ಕೆ ಹೂತ ವಾಹನವನ್ನು ಎಳೆಯಲು ಹೆಚ್ಚುಕಡಿಮೆ ಅದರ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ ಅದರ ಎರಡರಷ್ಟು. ಲೋಡ್ ಸೇರಿ 18 ಟನ್ನಿನ ಲಾರಿ ಎಂದಿಟ್ಟುಕೊಳ್ಳಿ. ನಮ್ಮ ಊರುಗಳಲ್ಲಿ ಓಡಾಡುವ ಜೆಸಿಬಿಯ ಸ್ವಂತ ತೂಕ ಸುಮಾರು ಎಂಟು ಟನ್. ಒದ್ದೆ ಮಣ್ಣಿನಲ್ಲಿ ನಿಂತು ಅದು ತನ್ನ ತೂಕದಷ್ಟನ್ನೂ ಸಮನಾಗಿ ಎಳೆಯಲಾರದು. ಹಾಗಾದರೆ ಲಾರಿ ಹೊರಗೆ ಬರುವುದು ಹೇಗೆ? ಸರಪಳಿಯನ್ನು ಸಡಿಲ ಬಿಟ್ಟು ಓಡಿ ಬಂದು ಕೊಡುವ ಜಗ್ಗಿನಿಂದ, ಇಲ್ಲವೇ ಬಕೆಟ್ಟಿನಿಂದ ಹಿಂಭಾಗವನ್ನು ಎತ್ತಿ ತಳ್ಳುವುದರಿಂದ. ಆ ಜಗ್ಗಿನ ಪೆಟ್ಟು ಬೀಳುವುದು ಚಾಸಿಗೆ, ಸ್ಪ್ರಿಂಗ್ ಪಟ್ಟಿಗೆ, ಮೇಲಿರುವ ದೇವರಿಗೆ. ಸರಪಳಿ ಕಡಿದರೆ ಪಕ್ಕದಲ್ಲಿ ನಿಂತವರ ಜೀವಕ್ಕೆ. ಟ್ರ್ಯಾಕ್ಟರಿನಲ್ಲಿ ಎಳೆಸುವುದು ಇನ್ನೂ ಅಪಾಯ. ಹಗ್ಗವನ್ನು ಹಿಂದಿನ ಆಕ್ಸಲ್ಲಿಗಿಂತ ಎತ್ತರಕ್ಕೆ ಕಟ್ಟಿದರೆ ಮುಂದಿನ ಚಕ್ರ ಮೇಲೆದ್ದು ಟ್ರ್ಯಾಕ್ಟರ್ ಡ್ರೈವರಿನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ.

ಇನ್ನು ಎತ್ತುವ ವಿದ್ಯೆ. ಇದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇದರ ಗುಣವೆಲ್ಲ ಇರುವುದು ವಿವರದಲ್ಲಿ.

ಲಾರಿ ಹೂಳುವುದು ಭಾರ ಹೆಚ್ಚಿರುವುದರಿಂದ ಮಾತ್ರವಲ್ಲ, ಆ ಭಾರ ಕೂತ ಜಾಗ ಚಿಕ್ಕದಿರುವುದರಿಂದ. 2018ರ ನಿಯಮದಂತೆ ನಾಲ್ಕು ಟೈರಿನ ಒಂದು ಆಕ್ಸಲ್ 11.5 ಟನ್ ಹೊರಬಹುದು, ಅಂದರೆ ಟೈರೊಂದಕ್ಕೆ ಮೂರು ಟನ್ನಿಗೆ ತುಸು ಕಡಿಮೆ. ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ. 110 ಪೌಂಡ್ ಗಾಳಿಯಿದ್ದರೆ ಚದರ ಸೆಂಟಿಮೀಟರಿಗೆ ಏಳೂವರೆ ಕಿಲೋ ದಾಟಿತು. ಮೂರು ಟನ್ ಭಾರ ಕೂತಿರುವುದು ಇಪ್ಪತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗದಲ್ಲಿ. ಕೆರೆಯಂಗಳದ ಗೋಡು ಮಣ್ಣು ಇದನ್ನು ತಡೆಯುವುದಿಲ್ಲ. ಆ ಹೊತ್ತಿಗೆ ಎಕ್ಸಲೇಟರ್ ತುಳಿದರೆ ಡಿಫರೆನ್ಷಿಯಲ್ ಜಾರುವ ಕಡೆಯ ಚಕ್ರವನ್ನೇ ತಿರುಗಿಸುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ, ಜಾರುವ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಆಕ್ಸಲ್ಲಿನ ಹೌಸಿಂಗ್ ಮಣ್ಣಿಗೆ ತಾಗಿ ಕೂರುತ್ತದೆ.

ಕಲ್ಲು ಸಾಗಿಸುವ ಮೇಸ್ತ್ರಿ ಮೊದಲು ಎಂಜಿನ್ ಆಫ್ ಮಾಡಿಸುತ್ತಾನೆ. ಹೌಸಿಂಗಿನ ಅಡಿಯ ಮಣ್ಣು ಬಿಡಿಸಿ, ಚಕ್ರದ ಮುಂದೆ ಇಳಿಜಾರಾಗಿ ಕಡಿಸುತ್ತಾನೆ. ಜಾಕಿಯನ್ನು ಹಾಗೆಯೇ ಮಣ್ಣಿನ ಮೇಲೆ ಇಡುವುದು ಎಳಸುತನ. ಆಕ್ಸಲ್ಲಿನ ಒಂದು ಬದಿಯ ಆರು ಟನ್ನಿಗೆ ಹತ್ತಿರದ ಭಾರ ಹದಿನೈದು ಸೆಂಟಿಮೀಟರ್ ಚೌಕದ ತಳದ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ ಇಪ್ಪತ್ತೈದು ಕಿಲೋ ಆಗುತ್ತದೆ, ಲಾರಿ ಏಳುವ ಬದಲು ಜಾಕಿ ಇಳಿಯುತ್ತದೆ. ಅದೇ ಜಾಕಿಯ ಅಡಿ ಹಳೆಯ ರೈಲು ಸ್ಲೀಪರಿನ ಎರಡಡಿ ಉದ್ದದ ಎರಡು ತುಂಡು ಜೋಡಿಸಿ, ನಡುವೆ ದಪ್ಪ ಕಬ್ಬಿಣದ ತಗಡು ಇಟ್ಟರೆ ಒತ್ತಡ ಎರಡು ಕಿಲೋಗೆ ಇಳಿಯುತ್ತದೆ. ಅದೇ ಲಾರಿ, ಅದೇ ಮಣ್ಣು, ಈಗ ತಡೆಯುತ್ತದೆ. ಜಾಕಿ ಕೊಡುವ ಜಾಗ ಸ್ಪ್ರಿಂಗ್ ಕೂರುವಲ್ಲಿ, ಆಕ್ಸಲ್ಲಿನ ಅಡಿ. ಒಂದೇ ಬದಿಯನ್ನು ಒಮ್ಮೆಗೇ ಎತ್ತರಿಸಿದರೆ ಮೂರ್ತಿಯ ಭಾರ ಇನ್ನೊಂದು ಬದಿಗೆ ವಾಲುತ್ತದೆ. ಅದಕ್ಕೆ ಈ ಬದಿ ನಾಲ್ಕು ಬೆರಳು, ಆ ಬದಿ ನಾಲ್ಕು ಬೆರಳು ಎಂದು ಎತ್ತುವುದು.

ಚಕ್ರ ಮೇಲೆದ್ದಾಗ ಉಳಿಯುವ ಗುಂಡಿಗೆ ಏನು ತುಂಬುತ್ತಾರೆ ಎಂಬಲ್ಲಿ ಗೊತ್ತಿದ್ದವರು ಯಾರು, ಗೊತ್ತಿಲ್ಲದವರು ಯಾರು ಎಂದು ತಿಳಿದುಬಿಡುತ್ತದೆ. ಜಲ್ಲಿ ಸುರಿದರೆ ರೊಜ್ಜು ನುಂಗುತ್ತದೆ. ಚಪ್ಪಡಿ ಒಂದನ್ನೇ ಹಾಸಿದರೆ ಕೆಸರು ಮೆತ್ತಿ ನುಣುಪಾಗಿ, ಚಕ್ರ ಅದನ್ನು ಹಿಂದಕ್ಕೆ ಉಗುಳುತ್ತದೆ. ಅಡಿಯಲ್ಲಿ ಚಪ್ಪಡಿ, ಮೇಲೆ ಕೆತ್ತನೆಯಲ್ಲಿ ಸಿಡಿದ ಕಲ್ಲಿನ ಚಕ್ಕೆ: ಇದು ಸರಿಯಾದ ಕ್ರಮ. ಚೂಪು ಅಂಚಿನ ಚಕ್ಕೆಗಳು ಹಲ್ಲುಗಳಂತೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಕಲ್ಲುಕುಟಿಗರ ಊರಿನಲ್ಲಿ ಅದು ಕೆಲಸದ ಅಂಗಳದಲ್ಲೇ ರಾಶಿ ಬಿದ್ದಿರುತ್ತದೆ.

ಆಮೇಲೆ ಇಳಿಸುವುದು. ಎತ್ತುವುದಕ್ಕಿಂತ ಇದು ಕಷ್ಟ, ಈ ವಿದ್ಯೆಯ ತಿರುಳೂ ಇಲ್ಲೇ ಇದೆ. ಜಾಕಿಯನ್ನು ಪೂರ್ತಿ ಬಿಡುವುದಿಲ್ಲ. ಅರ್ಧ ಭಾರ ಕಲ್ಲಿನ ಮೇಲೆ ಬರುವಷ್ಟು ಇಳಿಸಿ, ತಡೆದು, ನೋಡುತ್ತಾರೆ. ಕಲ್ಲಿನ ಸುತ್ತ ನೀರು ಜಿನುಗಿತೇ, ಒಂದು ಅಂಚು ಮುಳುಗಿತೇ, ಚಕ್ಕೆ ಪಕ್ಕಕ್ಕೆ ಸರಿಯಿತೇ? ಮುಳುಗಿದರೆ ಮತ್ತೆ ಎತ್ತಿ ಇನ್ನೊಂದು ವರಸೆ ತುಂಬುತ್ತಾರೆ. ಕಲ್ಲು ಅಲ್ಲಾಡದೆ ನಿಂತಾಗ ಮಾತ್ರ ಜಾಕಿ ತೆಗೆಯುತ್ತಾರೆ. ನೆಲ ಹೊರುತ್ತದೆಯೇ ಎಂದು ನೆಲವನ್ನೇ ಕೇಳಿ ತಿಳಿಯುವ ಈ ಘಟ್ಟ ಎಳೆಯುವ ವಿಧಾನದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಗೊತ್ತಾಗುವುದೆಲ್ಲ ಸರಪಳಿ ಬಿಗಿಯಾದ ಮೇಲೆ. ಇಲ್ಲಿ ಗಾಡಿ ಒಂದು ಅಡಿ ಚಲಿಸುವ ಮೊದಲೇ ಗೊತ್ತಾಗಿರುತ್ತದೆ. ಕೊನೆಗೆ ಡ್ರೈವರ್ ಫಸ್ಟ್ ಗೇರಿಗೆ ಹಾಕಿ, ಎಕ್ಸಲೇಟರ್ ತುಳಿಯದೆ ಕ್ಲಚ್ ಬಿಡುತ್ತಾನೆ, ಲಾರಿ ತಾನೇ ಎದ್ದು ನಡೆಯುತ್ತದೆ.

ಇದು ನಿಧಾನ ಎನ್ನುವವರಿದ್ದಾರೆ. ಹೌದು, ನಿಧಾನ. ಅವರ ಜೊತೆ ನನಗೆ ದೊಡ್ಡ ಜಗಳವಿಲ್ಲ. ಜೆಸಿಬಿಯಿಂದ ಉಪಯೋಗವೇ ಇಲ್ಲವೆಂದೂ ನಾನು ಹೇಳುವುದಿಲ್ಲ. ಚಕ್ರದ ಮುಂದೆ ದಾರಿ ಕಡಿಯಲು, ವಾಲಿದ ಗಾಡಿಯನ್ನು ಬಕೆಟ್ಟಿನಿಂದ ಆತುಕೊಳ್ಳಲು ಅದು ಒಳ್ಳೆಯದೇ. ನನ್ನ ಜಗಳ ಇನ್ನಿಬ್ಬರ ಜೊತೆ.

ಮೊದಲನೆಯವರು ನಮ್ಮ ಶಿಲ್ಪಕಲಾ ವಿಮರ್ಶಕರು. ಶಿವಾರಪಟ್ಟಣದ ಬಗ್ಗೆ ಬಂದ ಬರಹಗಳಲ್ಲಿ ತಾಳಮಾನ ಇರುತ್ತದೆ, ಹೊಯ್ಸಳ, ಚೋಳ ಶೈಲಿಗಳ ಚರ್ಚೆ ಇರುತ್ತದೆ, ಜಕಣಾಚಾರಿ ಪ್ರಶಸ್ತಿಯ ಮಾತಿರುತ್ತದೆ. ಬಂಡೆ ಅಂಗಳಕ್ಕೆ ಹೇಗೆ ಬಂತು, ಮೂರ್ತಿ ಗುಡಿಗೆ ಹೇಗೆ ಹೋಯಿತು ಎಂಬ ಒಂದು ಸಾಲೂ ಸಿಗುವುದು ಅಪರೂಪ. ಮೂರ್ತಿಯ ಎತ್ತರ, ಕೈಗಳು ಮೈಗೆ ಎಷ್ಟು ಅಂಟಿರಬೇಕು, ಪೀಠ ಎಷ್ಟು ದಪ್ಪವಿರಬೇಕು ಎಂಬುದರ ಮೇಲೆ ಸಾಗಣೆಯ ಒತ್ತಡವೂ ಇದೆ. ಅದನ್ನು ಬಿಟ್ಟು ಬರೆದ ಶೈಲಿವಿಮರ್ಶೆ ಅರ್ಧ ವಿಮರ್ಶೆ.

ಎರಡನೆಯವರು ಹಳೆಯ ಕಾಲದ ಭಕ್ತರು, ಎಲ್ಲವನ್ನೂ ಜನಬಲಕ್ಕೆ ಒಪ್ಪಿಸುವವರು. 1432ರ ಕಾರ್ಕಳದ ಗೊಮ್ಮಟನ ಐತಿಹ್ಯ ಇವರಿಗೆ ಪ್ರಿಯ: ಇಪ್ಪತ್ತು ಕಬ್ಬಿಣದ ಗಾಡಿ, ಒಡೆದ ಸಾವಿರಾರು ತೆಂಗಿನಕಾಯಿ, ಹಗ್ಗ ಹಿಡಿದ ಭಕ್ತಸಮೂಹ. ಆದರೆ ಅದೇ ಐತಿಹ್ಯದಲ್ಲಿ ಬೆಟ್ಟದ ತುದಿಗೆ ಕಟ್ಟಿದ ಇಳಿಜಾರು ದಾರಿಯ ಪ್ರಸ್ತಾಪವೂ ಇದೆ, ಅದನ್ನು ಇವರು ಓದಿ ದಾಟಿಬಿಡುತ್ತಾರೆ. ಸಮೂಹ ಎಳೆದದ್ದು ನಿಜವಿರಬಹುದು, ಎಳೆದದ್ದು ಫಲ ಕೊಟ್ಟದ್ದು ಆ ದಾರಿ ಕುಸಿಯದೆ ನಿಂತದ್ದರಿಂದ. 1973ರಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕೆತ್ತಿದ 39 ಅಡಿಯ ಬಾಹುಬಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಹೊರಟಾಗ 64 ಚಕ್ರಗಳ ಟ್ರಾಲಿ ತರಿಸಿದ್ದು ಭಾರವನ್ನು ಹರಡುವುದಕ್ಕೇ. 2018-19ರಲ್ಲಿ ಬೆಂಗಳೂರಿನ ಈಜೀಪುರಕ್ಕೆ ವಂದವಾಸಿ ಕಡೆಯಿಂದ ಬಂದ ಬೃಹತ್ ಏಕಶಿಲೆಗೆ 240 ಚಕ್ರಗಳಿದ್ದರೂ ದಾರಿಯಲ್ಲಿ ತಿಂಗಳುಗಟ್ಟಲೆ ಕಳೆದವು. ಸೇತುವೆ ಹೊರಲಾರದ ಕಡೆ ನದಿಪಾತ್ರದಲ್ಲಿ ಮಣ್ಣಿನ ದಾರಿ ಹಾಕಬೇಕಾಯಿತು. ಆಗ ಸುದ್ದಿಯಾದದ್ದು ಚಕ್ರದ ಸಂಖ್ಯೆ, ಎಂಜಿನ್ನಿನ ಶಕ್ತಿ. ಮಣ್ಣಿನ ದಾರಿ ಹಾಕಿದವರ ಮಾತು ಕೇಳಿಸಲೇ ಇಲ್ಲ. ಬಂಡೆ ಕೀಳುವುದು, ಸಾಗಿಸುವುದು ಬಹುಪಾಲು ಬೋವಿ ಸಮುದಾಯದವರ ದುಡಿಮೆಯಾಗಿ ಬಂದಿರುವಾಗ ಈ ಮರೆವು ಕಾಕತಾಳೀಯ ಎಂದು ನಾನು ಒಪ್ಪುವುದಿಲ್ಲ.

ಈಗ ಇದನ್ನೆಲ್ಲ ಹೇಳಲು ಇನ್ನೊಂದು ಕಾರಣವಿದೆ. ಹಿಂಗಾರು ಮುಗಿದು ಸಂಕ್ರಾಂತಿ ಕಳೆದರೆ ನಮ್ಮ ಕೆರೆಯಂಗಳ ಗಟ್ಟಿಯಾಗುತ್ತದೆ ಎಂಬುದು ಬರಗಾಲದ ಜಿಲ್ಲೆಯ ಲೆಕ್ಕವಾಗಿತ್ತು. 2018ರ ಜೂನ್‌ನಲ್ಲಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ, 126 ಕೆರೆಗಳ ಆ ಯೋಜನೆಯಲ್ಲಿ ತುಂಬಿದ ಕಡೆಯೆಲ್ಲ ಆ ಲೆಕ್ಕ ತಪ್ಪಿದೆ. ಬೇಸಿಗೆಯಲ್ಲೂ ಏರಿಯ ಹಿಂದೆ ನೆಲ ಮೆತ್ತಗಿರುತ್ತದೆ, ಮೇಲೆ ಒಣಗಿದ ಹೆಕ್ಕಳೆ, ಒಳಗೆ ರೊಜ್ಜು. ಊರ ಹೊರಗಿನ ಗುಡಿಗಳಿಗೆ ಹೋಗುವ ದಾರಿಗಳು ಬಹಳಷ್ಟು ಇಂಥ ಕಡೆಯೇ ಹಾದುಹೋಗುತ್ತವೆ. ಮೂರ್ತಿಗೆ ಮುಂಗಡ ಕೊಡುವ ಗುಡಿ ಸಮಿತಿಯವರು ಕಲ್ಲಿನ ಬೆಲೆ, ಕೆತ್ತನೆಯ ಕೂಲಿ, ಲಾರಿ ಬಾಡಿಗೆ ಎಂದು ಬರೆಯುವ ಪಟ್ಟಿಯಲ್ಲಿ ಎರಡು ಜಾಕಿ, ಎಂಟು ಸ್ಲೀಪರ್ ತುಂಡು, ಒಂದು ಮೂಟೆ ಚಕ್ಕೆ, ಅದನ್ನು ಬಲ್ಲ ಒಬ್ಬ ಮೇಸ್ತ್ರಿಯ ದಿನಗೂಲಿ ಇಷ್ಟನ್ನೂ ಸೇರಿಸಬೇಕು. ಆ ಕೂಲಿ ಡ್ರೈವರಿನದಕ್ಕಿಂತ ಕಡಿಮೆ ಇರಕೂಡದು.