ರತ್ಲಾಮ್ ಸ್ಟೇಷನ್ನಿನ ಉಪದೇಶ

'ಜಬ್ ವಿ ಮೆಟ್' (2007) ಎಷ್ಟು ಸಲ ನೋಡಿದೀನೋ ಲೆಕ್ಕವಿಲ್ಲ. ರಾತ್ರಿ ರೈಲು ತಪ್ಪಿಸಿಕೊಂಡ ಗೀತ್ ರತ್ಲಾಮ್ ಸ್ಟೇಷನ್ನಿನಲ್ಲಿ ಒಬ್ಬಳೇ ನಿಂತಾಗ, ಒಂಟಿ ಹುಡುಗಿ ಹುಷಾರಾಗಿರಬೇಕು ಅಂತ ಸ್ಟೇಷನ್ ಮಾಸ್ಟರ್ ಉಪದೇಶ ಶುರು ಮಾಡ್ತಾನೆ. ಪ್ರತಿ ಸಲ ನಕ್ಕಿದೀನಿ. ಮೊನ್ನೆ ತಂಗಿ ಜೊತೆ ನೋಡಿದೆ. ಅವಳು ನಗಲಿಲ್ಲ.

ನಿರ್ದೇಶಕ ಇಮ್ತಿಯಾಜ್ ಅಲಿ ಆ ಉಪದೇಶವನ್ನು ಗೇಲಿ ಮಾಡಿದ್ದು ಸರಿಯೇ. ಆದರೆ ಪ್ಲಾಟ್‌ಫಾರ್ಮಿನಲ್ಲಿ ಗಂಡಸರು ಕಾಡೋಕೆ ಶುರು ಮಾಡಿದಾಗ ಗೀತ್ ಓಡೋದು ಎಲ್ಲಿಗೆ? ಹೀರೋ ಹತ್ರ. ಅವಳನ್ನು ಕಾಯಬೇಕಿದ್ದ ಸ್ಟೇಷನ್ನಿಗೆ ಕಥೆಯಲ್ಲಿ ಬೇರೆ ಕೆಲಸವೇ ಇಲ್ಲ. ಅವಳ ಭಯ ಪ್ರೇಮಕಥೆಗೆ ಮೆಟ್ಟಿಲಾಗುತ್ತೆ, ಅಷ್ಟೇ. ಶಾಹಿದ್ ಕಪೂರ್ ಸಿಗದ ಹುಡುಗೀರು ಏನ್ ಮಾಡಬೇಕು?

ತಂಗಿ ತಿಂಗಳಿಗೊಮ್ಮೆ ಬೆಂಗಳೂರಿಂದ ಊರಿಗೆ ರಾತ್ರಿ ರೈಲಲ್ಲಿ ಒಬ್ಬಳೇ ಹೋಗ್ತಾಳೆ. ದೂರದ ರೈಲುಗಳ ಸ್ಲೀಪರ್‌ನಲ್ಲಿ ಹೆಂಗಸರಿಗೆ ಅಂತ 6 ಬರ್ತ್ ಕೋಟಾ ಇದೆ, ಸಹಾಯಕ್ಕೆ 139 ಇದೆ. ನಾನು ಇದ್ಯಾವುದನ್ನೂ ಅವಳಿಗೆ ಹೇಳಿದವನಲ್ಲ. "ಮೇಲಿನ ಬರ್ತ್ ತಗೋ, ಯಾರ ಹತ್ರಾನೂ ಮಾತಾಡಬೇಡ, ಇಳಿದ ತಕ್ಷಣ ಫೋನ್ ಮಾಡು" ಅಂತ ಮಾತ್ರ ಹೇಳ್ತೀನಿ.

ಸಿನಿಮಾ ಮುಗಿದ ಮೇಲೆ ಕೇಳಿದಳು: "ಅಣ್ಣಾ, ನೀನೂ ಅದೇ ರೈಲಲ್ಲಿ ಹೋಗ್ತೀಯಲ್ಲ. ಹೆಂಗಸರ ಜೊತೆ ಹೇಗಿರಬೇಕು ಅಂತ ನಿಂಗೆ ಯಾರಾದ್ರೂ ಹೇಳಿದಾರಾ?"

ಹನ್ನೆರಡು ವರ್ಷದಿಂದ ಓಡಾಡ್ತಿದೀನಿ. ಅಪ್ಪ ಹೇಳಿಲ್ಲ, ಅವ್ವ ಹೇಳಿಲ್ಲ. ಯಾರೂ ಹೇಳಿಲ್ಲ.