ನೋವು ನಟಿಸುವ ರೋಬಾಟ್: ಕಲಿಸುವುದೇನು, ಕಲಿಸಲಾರದ್ದೇನು?

ಕೊಪ್ಪಳ ಜಿಲ್ಲೆಯ ಸಿದ್ದಾಪುರದಲ್ಲಿ ಬತ್ತದ ಗದ್ದೆಗೆ ಕೂಲಿಗೆ ಹೋಗುವ ಒಬ್ಬರಿಗೆ ಹಲ್ಲುನೋವು ಬಂದಿದೆ ಎಂದುಕೊಳ್ಳಿ. ಖಾಸಗಿ ಚಿಕಿತ್ಸೆಗೆ ಹಣ ಸಾಲದು. ರಾಯಚೂರಿನ ದಂತವೈದ್ಯ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಆಗಬಹುದೆಂದು ಬಸ್ಸು ಹತ್ತುತ್ತಾರೆ. ಅಲ್ಲಿ ಅವರ ಹಲ್ಲನ್ನು ಕೊರೆಯುವವರು ಬಹುಶಃ ಒಬ್ಬ ವಿದ್ಯಾರ್ಥಿ. ಅಧ್ಯಾಪಕರು ಹತ್ತಿರದಲ್ಲೇ ಇರುತ್ತಾರೆ, ನಿಜ. ಆದರೆ ಜೀವಂತ ಹಲ್ಲನ್ನು ಮುಟ್ಟುವುದು ಆ ವಿದ್ಯಾರ್ಥಿಗೆ ಅದೇ ಮೊದಲ ಸಲವಾಗಿರಬಹುದು. ಕಲಿಯುವವರ ಮೊದಲ ತಪ್ಪುಗಳನ್ನು ಯಾರ ಬಾಯಿ ಸಹಿಸಬೇಕು? ರೋಗಿಯಂತೆ ವರ್ತಿಸುವ ರೋಬಾಟುಗಳ ಬೆಲೆಯನ್ನು ನಾವು ಈ ಪ್ರಶ್ನೆಯಿಂದಲೇ ಕಟ್ಟಬೇಕು.

ಕೃತಕ ತಲೆಯ ಮೇಲೆ ದಂತವೈದ್ಯ ಕಲಿಯುವ ಪದ್ಧತಿ ಹಳೆಯದು. 1894ರಲ್ಲಿ ಓಸ್ವಾಲ್ಡ್ ಫರ್ಗಸ್ ಇಂಥದೊಂದನ್ನು ಪರಿಚಯಿಸಿದರು. ನಮ್ಮ ಬಿ.ಡಿ.ಎಸ್. ವಿದ್ಯಾರ್ಥಿಗಳೂ ರೋಗಿಗಳ ಬಳಿಗೆ ಹೋಗುವ ಮುನ್ನ ‘ಫ್ಯಾಂಟಮ್ ಹೆಡ್’ನಲ್ಲಿ ಕೂರಿಸಿದ ಹಲ್ಲುಗಳನ್ನು ಕೊರೆದು, ತುಂಬಿ ಅಭ್ಯಾಸ ಮಾಡುತ್ತಾರೆ. ಆದರೆ ಈ ತಲೆ ಕೆಮ್ಮದು, ಬೆದರದು, ನರಳದು.

ಈ ಕೊರತೆಯನ್ನು ತುಂಬಲು ಜಪಾನೀಯರು ಮುಂದಾದರು. 2007ರಲ್ಲಿ ಟೋಕಿಯೊದ ರೋಬಾಟ್ ಪ್ರದರ್ಶನದಲ್ಲಿ ‘ಸಿಮ್ರಾಯ್ಡ್’ ಕಾಣಿಸಿಕೊಂಡಿತು. ಬಾಯೊಳಗಿನ ಸಂವೇದಕಗಳಿಂದಾಗಿ ಅದು ತಪ್ಪು ಜಾಗ ಮುಟ್ಟಿದರೆ ‘ನೋಯುತ್ತಿದೆ’ ಎನ್ನುತ್ತಿತ್ತು. ಬಳಿಕ ಶೋವಾ ವಿಶ್ವವಿದ್ಯಾಲಯದಿಂದ ‘ಹನಾಕೊ’ ಬಂತು. 2011ರಲ್ಲಿ ತೋರಿಸಿದ ಅದರ ಎರಡನೆಯ ರೂಪ ಕಣ್ಣು ಮಿಟುಕಿಸುತ್ತಿತ್ತು, ಸೀನುತ್ತಿತ್ತು, ಓಕರಿಸುತ್ತಿತ್ತು; ಬಾಯಿ ತೆರೆದೇ ಇದ್ದರೆ ದವಡೆ ದಣಿದಂತೆ ವರ್ತಿಸುತ್ತಿತ್ತು.

ಇದರ ಲಾಭವನ್ನು ಮೊದಲು ಒಪ್ಪೋಣ. ಹಲ್ಲು ಕೊರೆಯುವ ಉಪಕರಣ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆಗ ರೋಗಿ ಥಟ್ಟನೆ ತಲೆ ಅಲುಗಿಸಿದರೆ ನಾಲಿಗೆ, ಕೆನ್ನೆ ಕೊಯ್ದುಹೋಗಬಹುದು. ಅಂಥ ಗಳಿಗೆಯಲ್ಲಿ ಕೈಯನ್ನು ಹೇಗೆ ಹಿಂತೆಗೆಯಬೇಕೆಂಬುದನ್ನು ರೋಬಾಟಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಬಹುದು. ಮನುಷ್ಯರ ಮೇಲೆ ಒಂದು ಸಲವೂ ಮಾಡಬಾರದು. ಇಷ್ಟಕ್ಕೇ ಅದು ಮೆಚ್ಚಬೇಕಾದ ಸಾಧನ.

ಆದರೆ ಅದರ ನೋವು ಎಂಥದು? ಒತ್ತಡ ಒಂದು ಮಿತಿ ದಾಟಿದರೆ ಅದು ಚೀರುತ್ತದೆ. ಆ ಮಿತಿಯನ್ನು ನಿಗದಿ ಮಾಡಿದವರು ಎಂಜಿನಿಯರುಗಳು. ನಮ್ಮ ಹಲ್ಲಿನ ನೋವು ಇಷ್ಟು ಸರಳವಲ್ಲ. ಎನಾಮಲ್‌ನಲ್ಲಿ ನರಗಳಿಲ್ಲ. ಅದರ ಕೆಳಗಿನ ಡೆಂಟಿನ್‌ನಲ್ಲಿ ದ್ರವ ತುಂಬಿದ ಅತಿ ಸಣ್ಣ ನಾಳಗಳಿವೆ. ಅವು ತೆರೆದುಕೊಂಡಾಗ ತಣ್ಣೀರು ತಾಕಿದರೆ ದ್ರವ ಚಲಿಸಿ, ಒಳಗಿನ ನರ ಕೆರಳುತ್ತದೆ. ಹಲ್ಲಿನ ತಿರುಳೇ ಉರಿಯೂತಕ್ಕೆ ಸಿಕ್ಕಿದರೆ ಏನೂ ತಾಕದೆಯೇ ನೋಯುತ್ತದೆ.

ಈ ವ್ಯತ್ಯಾಸ ತಿಳಿಯುವುದು ಬಹುಮಟ್ಟಿಗೆ ರೋಗಿಯ ಮಾತಿನಿಂದ. ‘ತಂಪ ನೀರು ಕುಡದ್ರ ಜುಮ್ ಅಂತೈತ್ರಿ, ಆಮ್ಯಾಲ ಸುಮ್ನಾಗ್ತೈತಿ’ ಎಂದರೆ ತಿರುಳು ಉಳಿಯಬಹುದು, ತುಂಬಿದರೆ ಸಾಕಾಗಬಹುದು. ‘ರಾತ್ರಿ ಮಲಗಾಕ ಬಿಡಂಗಿಲ್ರಿ’ ಎಂದರೆ ತಿರುಳು ಕೆಟ್ಟಿರುವ ಸಂಭವ ಹೆಚ್ಚು. ಬೇರುನಾಳದ ಚಿಕಿತ್ಸೆಯೋ, ಹಲ್ಲು ಕೀಳುವುದೋ ಬೇಕಾಗಬಹುದು. ಮುಂದಿನ ಪರೀಕ್ಷೆಗಳಿಗೆ ದಾರಿ ತೋರುವುದು ಇಂಥ ಮಾತುಗಳೇ. ಇವನ್ನು ಕೇಳಿಸಿಕೊಳ್ಳಲು ‘ನೋಯುತ್ತಿದೆ’ ಎಂಬ ಒಂದೇ ಉತ್ತರ ಕಲಿಸಲಾರದು.

ಇನ್ನೊಂದು ಕೊರತೆ ಹಲ್ಲಿನದು. ಕೃತಕ ಹಲ್ಲುಗಳು ಒಂದೇ ಅಚ್ಚಿನಲ್ಲಿ ಎರಕವಾದವು. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಹಳ್ಳಿಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅದನ್ನು ಮೀರಿದ ನೀರು ಕುಡಿದವರ ಎನಾಮಲ್‌ನಲ್ಲಿ ಬಿಳಿ, ಕಂದು ಕಲೆ ಮೂಡಬಹುದು. ಅದರ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಜಗ್ಗದು, ಕೆಳಪದರ ರಂಧ್ರಮಯ. ಹೀಗಾಗಿ ಹಲ್ಲಿಗೆ ಅಂಟಿಸುವ ಚಿಕಿತ್ಸೆಯೂ ಕಷ್ಟ. ನಮ್ಮ ವಿದ್ಯಾರ್ಥಿ ನಾಳೆ ಎದುರಿಸುವ ಹಲ್ಲು ಇದು.

ಹಾಗಾದರೆ ರೋಬಾಟ್ ಬೇಡವೇ? ಕೈಯ ಕಲಿಕೆಗೆ ಬರಲಿ. ಕಿವಿಯ ಕಲಿಕೆಗೆ ಮನುಷ್ಯರೇ ಬೇಕು. ಇದಕ್ಕೂ ಹಳೆಯ ದಾರಿಯೊಂದಿದೆ. 1963ರಲ್ಲೇ ಅಮೆರಿಕದ ಹೊವರ್ಡ್ ಬ್ಯಾರೋಸ್, ತರಬೇತಿ ಪಡೆದ ವ್ಯಕ್ತಿಗಳು ರೋಗಿಗಳಾಗಿ ನಟಿಸುವ ವಿಧಾನವನ್ನು ವೈದ್ಯ ಶಿಕ್ಷಣಕ್ಕೆ ತಂದರು. ಸಿದ್ದಾಪುರದ ಕನ್ನಡ ಮಾತಾಡುವ ಇಂಥ ‘ರೋಗಿ’ಯನ್ನು ಜಪಾನಿನಿಂದ ತರಿಸಬೇಕಿಲ್ಲ. ರೋಬಾಟಿಗೆ ಹಣ ಕೂಡಿಸುವ ಕಾಲೇಜು ಮೊದಲು ಇದನ್ನು ಮಾಡಲಿ.

ಶಿಕ್ಷಕರೇ, ಇದನ್ನು ನಿಮ್ಮ ತರಗತಿಯಲ್ಲೂ ಮಾಡಿ ನೋಡಿ. ಒಬ್ಬ ವಿದ್ಯಾರ್ಥಿಗೆ ಗುಟ್ಟಾಗಿ ಒಂದು ಹಲ್ಲುನೋವನ್ನು ವಿವರಿಸಿ. ಉಳಿದವರು ಪ್ರಶ್ನೆ ಕೇಳಿಯೇ ಅದು ಯಾವ ಬಗೆಯದೆಂದು ಪತ್ತೆ ಮಾಡಲಿ. ಸರಿಯಾದ ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂದು ಅವರಿಗೆ ಅರಿವಾಗುತ್ತದೆ. ಅವರಲ್ಲೊಬ್ಬರು ಮುಂದೆ ದಂತವೈದ್ಯರಾದರೆ, ಬಸ್ಸು ಹತ್ತಿ ಬಂದ ಆ ಕೂಲಿಕಾರರಿಗೆ ಈ ಅಭ್ಯಾಸ ಉಪಯೋಗಕ್ಕೆ ಬಂದೀತು.