ಎರವಲಿನ ಕಟ್ಟಳೆ: ರಸ್ಟ್ ಭಾಷೆಯ ಒಂದು ವಿಮರ್ಶೆ

ನೆರೆಮನೆಯಿಂದ ಕಡ ತಂದ ಸಕ್ಕರೆಗೆ ಬೇರೆ ಸಕ್ಕರೆ ಕೊಟ್ಟರೆ ಲೆಕ್ಕ ಚುಕ್ತಾ. ಎರವಲು ತಂದ ಒಡವೆ ಹಾಗಲ್ಲ. ಅದನ್ನೇ ಮರಳಿಸಬೇಕು, ಒಡತಿ ಊರು ಬಿಡುವ ಮೊದಲೇ ಮರಳಿಸಬೇಕು. ರಸ್ಟ್ ಭಾಷೆಯ ‘ಬಾರೋಯಿಂಗ್’ ಈ ಎರವಲಿನ ಜಾತಿಯದು.

ಸಿ ಭಾಷೆಯಲ್ಲಿ ಸ್ವಂತದ್ದು ಯಾವುದು, ಎರವಲು ಯಾವುದು ಎಂಬ ಭೇದ ಕಣ್ಣಿಗೆ ಕಾಣುವುದಿಲ್ಲ. ಸ್ಟ್ರ್‌ಡಪ್, ಗೆಟ್‌ಎನ್ವ್ ಎರಡೂ ಒಂದೇ ಬಗೆಯ ಪಾಯಿಂಟರ್ ಕೊಡುತ್ತವೆ. ಮೊದಲನೆಯದನ್ನು ಬಳಸಿದ ಮೇಲೆ ನಾವೇ ಫ್ರೀ ಮಾಡಬೇಕು, ಎರಡನೆಯದನ್ನು ಮಾಡಲೇಬಾರದು. ಕೈಪಿಡಿ ಓದಿ ನೆನಪಿಟ್ಟುಕೊಳ್ಳುವುದೊಂದೇ ದಾರಿ. ನೆನಪು ಕೈಕೊಟ್ಟಾಗ ಆಗುವ ಅನಾಹುತ ಸಣ್ಣದಲ್ಲ: ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿಯ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು.

ಗ್ರೇಡನ್ ಹೋರ್ 2006ರಲ್ಲಿ ಆರಂಭಿಸಿದ, 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್, ಈ ನೆನಪಿನ ಭಾರವನ್ನು ಕಂಪೈಲರ್‌ಗೆ ಹೊರಿಸಿತು. ಪ್ರತಿ ಮೌಲ್ಯಕ್ಕೂ ಒಬ್ಬನೇ ಮಾಲೀಕ. ಅವನ ವ್ಯಾಪ್ತಿ ಮುಗಿದಾಗ ಮೆಮೊರಿಯೂ ಬಿಡುಗಡೆ. ರೆಫರೆನ್ಸ್ ಮೂಲಕ ಎರವಲು ಪಡೆದು ಓದುವವರು ಒಮ್ಮೆಗೆ ಎಷ್ಟು ಮಂದಿಯಾದರೂ ಇರಬಹುದು, ತಿದ್ದುವವನಿದ್ದರೆ ಅವನೊಬ್ಬನೇ. ಈ ನಿಯಮದ ಬೆಲೆ ವೆಕ್ಟರ್‌ನಲ್ಲಿ ತಿಳಿಯುತ್ತದೆ. ಮೊದಲ ಅಂಶಕ್ಕೆ ರೆಫರೆನ್ಸ್ ಹಿಡಿದುಕೊಂಡೇ ಹೊಸ ಅಂಶ ಸೇರಿಸಿದೆವೆನ್ನಿ. ಜಾಗ ಸಾಲದೆ ವೆಕ್ಟರ್ ಬೇರೆಡೆಗೆ ಹೋದರೆ, ನಮ್ಮ ರೆಫರೆನ್ಸ್ ಖಾಲಿ ಮಾಡಿದ ಮನೆಯ ವಿಳಾಸವಾಗುತ್ತದೆ. ಸಿ++ ಇದನ್ನು ಕಂಪೈಲ್ ಮಾಡಿಬಿಡುತ್ತದೆ. ರಸ್ಟ್ ಅಲ್ಲೇ ತಡೆಯುತ್ತದೆ. ಅದಕ್ಕೆ ಗಾರ್ಬೇಜ್ ಕಲೆಕ್ಟರ್ ಕೂಡ ಬೇಕಿಲ್ಲ.

ನನ್ನ ತಕರಾರು ‘ಲೈಫ್‌ಟೈಮ್’ ಎಂಬ ಹೆಸರಿನ ಮೇಲೆ. ಎರಡು ಸ್ಟ್ರಿಂಗ್ ರೆಫರೆನ್ಸ್‌ಗಳಲ್ಲಿ ಉದ್ದನೆಯದನ್ನು ಮರಳಿಸುವ ಫಂಕ್ಷನ್ ಬರೆದರೆ ಕಂಪೈಲರ್ ಲೈಫ್‌ಟೈಮ್ ಗುರುತು ಕೇಳುತ್ತದೆ. ಗುರುತು ಹಾಕಿದರೆ ಮೌಲ್ಯದ ಆಯುಸ್ಸು ಹೆಚ್ಚುತ್ತದೆಂದು ಹೊಸಬರು ನಂಬುತ್ತಾರೆ. ಒಂದು ಕ್ಷಣವೂ ಹೆಚ್ಚುವುದಿಲ್ಲ. ಫಲಿತಾಂಶಕ್ಕೂ ಆ ಎರಡು ಎರವಲುಗಳಿಗೂ ಇರುವ ನಂಟನ್ನಷ್ಟೇ ಅದು ಸಾರುತ್ತದೆ. ನಂಟಿಗೆ ಆಯುಸ್ಸಿನ ಹೆಸರಿಟ್ಟದ್ದು ಕಲಿಯುವವರನ್ನು ದಾರಿ ತಪ್ಪಿಸಿದೆ.

ಕಂಪೈಲರ್‌ನ ಅತಿ ಎಚ್ಚರಿಕೆಯೂ ಕಾಡುತ್ತದೆ. ಮೊದಲು ಎರವಲು ಬ್ಲಾಕಿನ ಕೊನೆಯವರೆಗೂ ಉಳಿಯುತ್ತಿತ್ತು. 2018ರ ಆವೃತ್ತಿಯಿಂದ ಕೊನೆಯ ಬಳಕೆಗೇ ಮುಗಿಯುತ್ತದೆ. ದೊಡ್ಡ ಸುಧಾರಣೆಯೇ. ಎರಡೂ ದಿಕ್ಕಿಗೆ ಕೊಂಡಿಯಿರುವ ಗ್ರಾಫ್ ಮಾತ್ರ ಇಂದಿಗೂ ಒಬ್ಬ ಮಾಲೀಕನ ಕಟ್ಟಳೆಗೆ ಒಗ್ಗದು. ರೆಫರೆನ್ಸ್ ಬದಲು ವೆಕ್ಟರ್‌ನ ಸೂಚ್ಯಂಕ ಬಳಸಿದರೆ ಕಂಪೈಲರ್ ಒಪ್ಪುತ್ತದೆ. ಆದರೆ ಒಂದು ನೋಡ್ ತೆಗೆದು ಆ ಜಾಗಕ್ಕೆ ಇನ್ನೊಂದು ಬಂದರೆ, ಹಳೆಯ ಸೂಚ್ಯಂಕ ಬೇರೆಯದೇ ನೋಡ್‌ಗೆ ಕೈ ತೋರಬಹುದು. ಮೆಮೊರಿ ಕ್ಷೇಮ, ಅರ್ಥ ಕೆಟ್ಟಿತು.

ಇಷ್ಟಾದರೂ ನನ್ನ ಮತ ರಸ್ಟ್‌ಗೇ. ಸ್ಟ್ರಿಂಗ್ ಮರಳಿಸುವ ಫಂಕ್ಷನ್ ‘ಇದು ಇನ್ನು ನಿನ್ನದು’ ಎನ್ನುತ್ತದೆ; ಸ್ಟ್ರಿಂಗ್‌ನ ರೆಫರೆನ್ಸ್ ಮರಳಿಸುವುದು ‘ಇದು ಎರವಲು’ ಎನ್ನುತ್ತದೆ. ಕೈಪಿಡಿಯ ಮೂಲೆಯಲ್ಲಿದ್ದ ಮಾತು ಫಂಕ್ಷನ್ನಿನ ಮೊದಲ ಸಾಲಿಗೇ ಬಂದಿದೆ, ಅದನ್ನು ಮೀರಿದ ಕೋಡ್ ಕಂಪೈಲ್ ಆಗುವುದಿಲ್ಲ.